ಜಯಮ್ಮನ ಸೊಂಟಕ್ಕೆ ಒಬ್ಬ ರಕ್ತಸಂಬಂಧಿ ಬೇಕಾಗಿದ್ದಾನೆ

ಮಾನ್ಯ ಆಸ್ಪತ್ರೆ ಅಧೀಕ್ಷಕರೇ,

ನಿಮ್ಮ ಮೂಳೆ ವಾರ್ಡಿನಲ್ಲಿ ಎಪ್ಪತ್ತಮೂರು ವರ್ಷದ ಜಯಮ್ಮ ಸೊಂಟ ಮುರಿದುಕೊಂಡು ಹನ್ನೊಂದು ದಿನಗಳಿಂದ ಮಲಗಿದ್ದಾರೆ. ವೈದ್ಯರು ಸಿದ್ಧರಿದ್ದಾರೆ, ಹಾಕಬೇಕಾದ ರಾಡೂ ಬಂದಿದೆ. ಬಾರದಿರುವುದು ರಕ್ತಸಂಬಂಧಿಯ ಸಹಿ. ಸಹಿ ಹಾಕಿದವನು ನಾನು. ಅದು ನಡೆಯುವುದಿಲ್ಲವೆಂದು ನೋಟಿಸು ಕಳಿಸಿದವರು ತಾವು. ತೆಲುಗಿನಲ್ಲಿ ಕೊಟ್ಟ ಉತ್ತರಕ್ಕೆ ತಮ್ಮಿಂದ ಸದ್ದಿಲ್ಲ. ಹಾಗಾಗಿ ನನ್ನ ಭಾಷೆಯಲ್ಲಿ, ನಾಲ್ಕು ಜನ ಓದುವಂತೆ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಬೀದರಿನಿಂದ ಈ ತೆಲುಗು ಊರಿಗೆ ಬಂದು ಸುಲ್ತಾನ್ ಬಜಾರಿನಲ್ಲಿ ಬಟ್ಟೆಯ ಗಂಟು ಹೊತ್ತವನು ಇಂದು ಅಲ್ಲೇ ಲೈನಿಂಗ್ ಬಟ್ಟೆಯ ಅಂಗಡಿ ಇಟ್ಟಿದ್ದೇನೆ. ಅಳತೆಯಲ್ಲಿ ಮೋಸ ಮಾಡಿದವನಲ್ಲ. ಅಂಗಡಿಯ ಮೇಲಿನ ಕೋಣೆಯಲ್ಲಿ ಜಯಮ್ಮ ಒಬ್ಬರೇ ಇದ್ದು ರವಿಕೆಗಳಿಗೆ ಹುಕ್ಕು ಹಚ್ಚುತ್ತಾರೆ. ಗಂಡನಿಲ್ಲ, ಮಕ್ಕಳಾಗಲಿಲ್ಲ, ಒಡಹುಟ್ಟಿದವರೂ ಉಳಿದಿಲ್ಲ. ಬಚ್ಚಲಲ್ಲಿ ಬಿದ್ದವರು ತಂಬಿಗೆಯಿಂದ ನೆಲ ಬಡಿದರು. ಕೆಳಗಿದ್ದ ನನಗೆ ಕೇಳಿಸಿತು. ನೀವು ಹುಡುಕುತ್ತಿರುವ ರಕ್ತಸಂಬಂಧಿಗೆ ಕೇಳಿಸಲಿಲ್ಲ, ಮಾನ್ಯರೇ.

ನಿಮ್ಮ ಕೌಂಟರಿನ ಗುಮಾಸ್ತರು ನಮ್ಮ ಕಡೆಯವರೇ. ಜಯಮ್ಮನನ್ನು ಸೇರಿಸಿದ ದಿನ ಕೇಳಿದರು:

"ಪೇಷಂಟಿಗೆ ಏನಾಗಬೇಕ್ರಿ ನೀವು?"

"ಕೆಳಗಿನ ಅಂಗಡಿಯವ್ರಿ."

"ಅಂಗಡಿಯವ ಅನ್ನೂ ಖಾನೆನ ಫಾರ್ಮಿನ್ಯಾಗ ಇಲ್ಲರಿ. ತಮ್ಮ ಅಂತ ಬರೀತೀನಿ, ಸುಮ್ನಿರ್ರಿ."

ಬರೆದರು. ಹೋದ ವರ್ಷ ನಮ್ಮ ಓಣಿಯ ಸುಗಲಮ್ಮನಿಗೆ ಎದೆನೋವು ಬಂದಾಗ ಇವರೇ ನನ್ನನ್ನು ಮಗನನ್ನಾಗಿ ಮಾಡಿದ್ದರು. ಗಂಗಾಬಾಯಿ ಪ್ರಜ್ಞೆತಪ್ಪಿ ಬಿದ್ದಾಗ ಅಣ್ಣನ ಮಗ. ಮೂವರೂ ಒಂಟಿ ಜೀವಗಳು. ಮೂರೂ ಸಲ ಆಂಬುಲೆನ್ಸಿನಲ್ಲಿ ಜೊತೆಗೆ ಕೂತವನು ನಾನು. ಈಗ ನಿಮ್ಮ ಕಂಪ್ಯೂಟರು ಮೂರನ್ನೂ ಜೋಡಿಸಿ ನೋಡಿ, ಒಬ್ಬನೇ ಮನುಷ್ಯ ಮೂರು ಮನೆತನಗಳಲ್ಲಿ ಹೇಗೆ ಹುಟ್ಟಿದ ಎಂದು ಕೇಳಿದೆ. ಒಳ್ಳೆಯ ಪ್ರಶ್ನೆ. ಮೂರು ಹೆರಿಗೆಗಳೂ ನಿಮ್ಮ ಕೌಂಟರಿನಲ್ಲೇ ಆಗಿವೆ.

ಸರಿ, ನಾನು ಸುಳ್ಳುಗಾರ. ಜಯಮ್ಮ? ಅವರಿಗೆ ಪ್ರಜ್ಞೆಯಿದೆ, ಬುದ್ಧಿ ನೆಟ್ಟಗಿದೆ, ಓದು ಬರಹ ಬರುತ್ತದೆ. ನಿನ್ನೆ ನರ್ಸಮ್ಮನ ಎದುರಿಗೇ ನನ್ನನ್ನು ಬೈದರು: "ಏ ಅಂಬಾದಾಸ, ಮುರದದ್ದು ನನ್ ಟೊಂಕ. ಕೈ ಗಟ್ಟಿ ಐತಲ್ಲೋ! ಸಹಿ ನಾನ ಹಾಕ್ತೀನಿ ಅಂತ ಹೇಳು." ಏನಾದರೂ ಆದರೆ ಜವಾಬ್ದಾರಿ ಯಾರದು ಎಂದು ನರ್ಸಮ್ಮ ಕೇಳಿದರು. "ಏನರ ಆದ್ರ ಸಾಯಾಕಿ ನಾನವ್ವಾ. ಅದರ ಜವಾಬ್ದಾರಿ ಇವಗ್ಯಾಕ?"

ಇದಕ್ಕೆ ನಿಮ್ಮ ನಿಯಮದಲ್ಲಿ ಉತ್ತರವಿದೆಯೇ? ಒಂಟಿಯಾಗಿರುವ ಮುದುಕರು ಬಚ್ಚಲಿಗೆ ಹೋಗುವ ಮೊದಲು ಒಬ್ಬ ತಮ್ಮನನ್ನು ಹೊಂದಿಸಿಟ್ಟುಕೊಳ್ಳಬೇಕೇ? ಅಥವಾ ತಾವೇ ಔಷಧಿ ಕೌಂಟರಿನ ಪಕ್ಕದಲ್ಲಿ ರಕ್ತಸಂಬಂಧಿಗಳ ವಿತರಣೆ ಶುರುಮಾಡುತ್ತೀರೋ? ಇಷ್ಟರಲ್ಲಿ ಜಯಮ್ಮನ ಬೆನ್ನಿಗೆ ಹುಣ್ಣಾಗಿದೆ. ಇನ್ನೂ ತಡವಾದರೆ ಮತ್ತೆ ನಡೆಯುವುದು ಕಷ್ಟವೆಂದು ನಿಮ್ಮ ವೈದ್ಯರೇ ಹೇಳಿದ್ದಾರೆ. ಅವರ ಕೋಣೆಗೆ ಹದಿನೇಳು ಮೆಟ್ಟಿಲು.

ನನ್ನ ಬೇಡಿಕೆ ಸಣ್ಣದು. ನಾಳೆ ಬೆಳಿಗ್ಗೆ ಆ ಕಾಗದವನ್ನು ಜಯಮ್ಮನ ಕೈಗೇ ಕೊಡಿ. ಅವರೇ ಸಹಿ ಮಾಡಲಿ, ನಾಳೆಯೇ ಆಪರೇಷನ್ ಆಗಲಿ. ನನ್ನ ಮೇಲಿನ ವಿಚಾರಣೆ ಸಾವಕಾಶವಾಗಿ ನಡೆಯಲಿ. ಥಿಯೇಟರಿನ ಹೊರಗಿನ ಬೆಂಚಿನ ಮೇಲೆ ಕೂತಿರುತ್ತೇನೆ. ಮುಂದಿನ ನೋಟಿಸನ್ನು ಅಲ್ಲಿಗೇ ಕಳಿಸಿ.

ಇಂತಿ,
ಜಯಮ್ಮನಿಗೆ ಏನೂ ಆಗಬೇಕಾಗಿಲ್ಲದ
ಅಂಬಾದಾಸ