ಅತ್ತೆಯ ಧ್ಯಾಸ

ರಾಯಲ್ಪಾಡು
8-6-2025, ಭಾನುವಾರ ಮಧ್ಯಾಹ್ನ

ಪ್ರೀತಿಯ ಅತ್ತೇ,

ನಿಮ್ಮ ಸೊಸೆ ಶೋಭಾರಾಣಿ ಮುಳಬಾಗಿಲ ಕಡೆ ಮುಖ ಮಾಡಿ ಕೂತು ಬರೀತಿದೀನಿ, ನಮಸ್ಕಾರ. ಮೊದಲು ನಿಮ್ಮ ಮೈ ಹೇಗಿದೆ ಹೇಳಿ. ಮಂಡಿ ನೋವು ಇಳೀತಾ, ಹೊತ್ತಿಗೆ ಸರಿಯಾಗಿ ಮುದ್ದೆ ತಿಂತೀರಾ, ಸುನಂದಕ್ಕನ ಮನೆ ಮೆಟ್ಟಿಲು ಹತ್ತೋಕೆ ಹೋಗ್ತಿಲ್ಲ ತಾನೆ? ಫೋನಲ್ಲಿ ಕೇಳಿದ್ರೆ "ಬಾಗುನ್ನಾನು" ಅಂದು ಫೋನು ಮಗಳ ಕೈಗೆ ಕೊಟ್ಟುಬಿಡ್ತೀರಿ. ಚೆನ್ನಾಗಿದೀನಿ ಅನ್ನೋ ದನಿಯೇ ಅಲ್ಲ ಅದು. ಅದಕ್ಕೇ ಕಾಗದ ಬರೀತಿರೋದು.

ಇಲ್ಲಿ ಎಲ್ಲರೂ ಸುಖ. ನಿಮ್ಮ ಮಗನಿಗೆ ಮಾವಿನಕಾಯಿ ಕೀಳೋ ಕೆಲಸ, ಮಂಡಿಗೆ ಸಾಗ್ಸೋ ಕೆಲಸ, ಊಟಕ್ಕೂ ಕೂತ ಹಾಗಿಲ್ಲ. ಕೆಂದ ಹಸು ಹೆಣ್ಣು ಕರು ಹಾಕಿದೆ. ನಮ್ಮ ದಿವ್ಯ ನಿಮ್ಮ ಮಂಚದಲ್ಲೇ ಮಲಗ್ತಾಳೆ, ಹೊದಿಕೆ ಒಗೆಯೋಕೂ ಬಿಡಲ್ಲ, ಅಜ್ಜಿ ವಾಸನೆ ಹೋಗುತ್ತಂತೆ. ನೀವು ಹೋಗಿ ಎರಡು ತಿಂಗಳು ದಾಟ್ತು. ಯುಗಾದಿಗೆ ಮುಂಚೆ ನೀವು ಅಂಗಳದಲ್ಲಿ ಬಿದ್ರಿ, ಶುಗರ್ ಮಾತ್ರೆ ಮರೆತು ಎರಡು ಸಲ ನುಂಗಿದಾರೆ ಅಂತ ಆಯ್ತು, ಮುತ್ಯಾಲಮ್ಮನಿಗೆ ಅರಳುಮರಳು ಅಂತ ಬೀದಿಯವರೆಲ್ಲ ಆಡಿಕೊಂಡ್ರು. ಅವರು ಅಂದಿದ್ದಲ್ಲ ನನಗೆ ನೋವು. ನೀವೂ ಅದನ್ನ ನಂಬಿ, "ನನ್ನ ತಲೆ ಕೆಟ್ಟಿದೆ ಕಣೇ, ನಾಳೆ ಒಲೆ ಆರಿಸೋದು ಮರೆತು ಮನೆಗೇ ಬೆಂಕಿ ಇಟ್ಟೇನು" ಅಂತ ಸೀರೆ ಗಂಟು ಕಟ್ಕೊಂಡು ಹೊರಟ್ರಲ್ಲ, ಅದು. ನೀವು ವಾಪಸ್ಸು ಬರ್ಬೇಕು ಅತ್ತೆ. ಈ ಕಾಗದದಲ್ಲಿ ನಾನು ಕೇಳೋದು ಅದೊಂದೇ.

ಒಂದು ತಮಾಷೆ ಹೇಳ್ತೀನಿ. ಹೋದ ತಿಂಗಳು ಸಂಘದ ಅಶ್ವತ್ಥಮ್ಮ ಬಂದು, ಕೋಲಾರದಿಂದ ಶ್ರೀಧರ್ ಅಂತ ಒಬ್ಬ ಮೇಷ್ಟ್ರು ಬರ್ತಾರೆ, ನಾಲ್ಕು ಗುರುವಾರ ಧ್ಯಾನ ಹೇಳ್ಕೊಡ್ತಾರೆ ಅಂದ್ಳು. ನಾನು ಒಗ್ಗರಣೆ ಹಾಕ್ತಿದ್ದೆ, ಧ್ಯಾನ ಅಂದಿದ್ದು ನೀವು ಮೂರು ಹೊತ್ತೂ ಅನ್ನೋ ತೆಲುಗಿನ ಧ್ಯಾಸ ಅಂತ ಕೇಳಿಸ್ತು. ನಮ್ಮತ್ತೆ ಹತ್ತೊಂಬತ್ತು ವರ್ಷ ಬೈದೂ ಬರದೇ ಇದ್ದಿದ್ದನ್ನ ಈ ಮೇಷ್ಟ್ರು ನಾಲ್ಕು ವಾರದಲ್ಲಿ ಹೇಗೆ ಕಲಿಸ್ತಾರೋ ನೋಡೇಬಿಡೋಣ ಅಂತ ಹೋದೆ. ಎಲ್ಲರೂ ಕಣ್ಮುಚ್ಚಿ ಕೂತ್ರು. ಆಮೇಲೆ ಅವರು, ದೇವರ ಮುಂದೆ ಕೂತ್ಕೊಳ್ಳೋದಷ್ಟೇ ಧ್ಯಾನ ಅಲ್ಲ, ಪಾತ್ರೆ ತೊಳೆಯುವಾಗ ಮನಸ್ಸು ಪಾತ್ರೆ ಮೇಲಿರಲಿ, ನಡೆಯುವಾಗ ಕಾಲಿನ ಮೇಲಿರಲಿ, ಅಂದ್ರು. ಇದು ನಮ್ಮತ್ತೆ ಹೇಳೋದೇ ಸಾರ್, ನೀವು ಸಮಾಧಾನವಾಗಿ ಹೇಳ್ತೀರಿ, ಅವರು ಸೌಟು ಹಿಡ್ಕೊಂಡು ಹೇಳ್ತಾರೆ ಅಂದೆ. ಎಲ್ಲ ಬಿದ್ದು ಬಿದ್ದು ನಕ್ಕರು. ಮೇಷ್ಟ್ರೂ ನಕ್ಕು, ಹಾಗಾದ್ರೆ ಅವರನ್ನೇ ಕರ್ಕೊಂಡು ಬರೋದಲ್ವಾ ಅಂದ್ರು. ನಾನು ಚಾಪೆ ಸುತ್ತೋಕೆ ಎದ್ದುಬಿಟ್ಟೆ.

ಮನೆಗೆ ಬರ್ತಾ ದಾರಿಯುದ್ದಕ್ಕೂ ಹಳೇದೇ ನೆನಪು. ಮಾಸ್ತಿಯಿಂದ ಬಂದ ಹೊಸದರಲ್ಲಿ ನನಗೆ ತೆಲುಗಿನ ಗಂಧವೇ ಇರ್ಲಿಲ್ಲ. ಹಾಲು ಉಕ್ಕಿ ಚೆಲ್ಲಿದಾಗ ನೀವು "ನೀ ಧ್ಯಾಸ ಯಾಡುಂದೇ" ಅಂತ ಗದರಿದ್ರಿ. ಗಮನ ಎಲ್ಲಿಟ್ಟಿದೀಯೇ ಅಂತ ಕೇಳಿದ್ದು ನೀವು. ದೋಸೆ ಎಲ್ಲೇ ಅಂತ ಅಂದ್ಕೊಂಡು ನಾನು, ಇನ್ನೂ ಹಿಟ್ಟೇ ಹುದುಗಿಲ್ಲ ಅತ್ತೆ ಅಂದೆ. ನೀವು ನಗು ತಡೆಯೋಕಾಗದೆ ಸೆರಗು ಬಾಯಿಗಿಟ್ಕೊಂಡು ಹಿತ್ತಲಿಗೆ ಹೋಗಿದ್ದು ಈಗಲೂ ಕಣ್ಮುಂದಿದೆ. ಉಪ್ಪಿನಕಾಯಿ ಹಾಕೋ ದಿನ ನಿಮ್ಮ ಹತ್ತಿರ ಯಾರೂ ಮಾತಾಡೋ ಹಾಗಿರ್ಲಿಲ್ಲ. ಒಂದೊಂದೇ ಕಾಯಿ ಎತ್ಕೊಂಡು, ತೊಟ್ಟಿನ ಸುತ್ತ ಬಟ್ಟೆ ತಿರುಗಿಸಿ ಒರೆಸಿ, ಬೆಳಕಿಗೆ ಹಿಡಿದು ನೋಡಿ ಕೆಳಗಿಡ್ತಿದ್ರಿ. ನನಗೆ ಬೇಜಾರು, ಇಷ್ಟು ನಿಧಾನ ಯಾಕೆ ಅಂತ. ಒಂದು ಕಾಯಿ ಹಸಿ ಇದ್ರೂ ಜಾಡಿಯೇ ಕೆಡ್ತದೆ ಕಣೇ ಅಂತಿದ್ರಿ. ಆಗ ಫೋನಿರ್ಲಿಲ್ಲ ನನ್ನ ಕೈಲಿ. ಆ ನಿಧಾನವೇ ಎಷ್ಟು ಚೆನ್ನಾಗಿತ್ತು ಅಂತ ಈಗ ಅನ್ಸುತ್ತೆ. ಈ ಸಲ ನಾನೊಬ್ಬಳೇ ಹಾಕ್ದೆ. ಕಾಯಿ ಒರೆಸ್ತಾ ಒರೆಸ್ತಾ ಅಳು ಬಂತು. ಕಣ್ಣೀರು ಬಿದ್ದು ಕಾಯಿ ಹಸಿ ಆದೀತು ಅಂತ ಎದ್ದು ಮುಖ ಒರೆಸಿಕೊಂಡು ಬಂದು ಕೂತೆ.

ಮೇಷ್ಟ್ರು ಎಲ್ಲರಿಗೂ ಒಂದೊಂದು ಕೆಲಸ ಆರಿಸ್ಕೊಳ್ಳಿ ಅಂದಿದ್ರು. ನಾನು ಪಾತ್ರೆ ತೊಳೆಯೋದು ಆರಿಸ್ಕೊಂಡೆ. ಫೋನು ಒಳಗಿಟ್ಟು ಕಲ್ಲಿನ ಮೇಲೆ ಕೂತ್ಕೋತೀನಿ. ಮೊದಮೊದಲು ಕೈ ತಣ್ಣಗೆ, ಮನಸ್ಸು ತಣ್ಣಗೆ. ಎರಡನೇ ವಾರದಿಂದ ಅದೇನೋ, ಲೋಟ ಕೈಗೆ ಬಂದ್ರೆ ಸಾಕು, ತೊಳೀದೆ ಪಕ್ಕಕ್ಕಿಟ್ಟು ಬೇರೆ ಪಾತ್ರೆ ಎತ್ಕೋತೀನಿ. ಮನಸ್ಸು ಒಂದು ಕಡೆ ನಿಂತ್ರೆ ಸುಖ ಅಂತ ಎಲ್ಲರೂ ಹೇಳ್ತಾರೆ. ನಿಂತ ಕಡೆ ಏನಿರುತ್ತೋ ಅದನ್ನ ನೋಡ್ಬೇಕಾಗುತ್ತೆ ಅಂತ ಯಾರೂ ಹೇಳ್ಲಿಲ್ಲ. ಬೇರೆ ಕೆಲಸ ಆರಿಸ್ಕೊಳ್ಲಾ ಸಾರ್ ಅಂತ ಕೇಳಿದ್ದಕ್ಕೆ, ಇದನ್ನೇ ಮಾಡಿ ಅಂದ್ರು.

ಮಂಡಿಗೆ ಎಣ್ಣೆ ಹಚ್ಚಿಸ್ಕೊಳ್ಳಿ. ಸುನಂದಕ್ಕನಿಗೂ ಭಾವನವರಿಗೂ ನಮಸ್ಕಾರ ತಿಳಿಸಿ. ನಿಮ್ಮ ಆಶೀರ್ವಾದ ಕೇಳೋ ಮುಖ ಇವತ್ತು ನನಗಿಲ್ಲ, ಆದ್ರೂ ದಿವ್ಯಳ ಪಾಲಿನದು ಕಳಿಸಿ.

ನಿಮ್ಮ
ಶೋಭಾ

ಮತ್ತೆ: ಅತ್ತೆ, ಕಾಗದ ಮಡಿಸ್ಬಿಟ್ಟಿದ್ದೆ, ಮತ್ತೆ ಬಿಚ್ಚಿ ಬರೀತಿದೀನಿ. ಆವತ್ತು ಮಾತ್ರೆ ಎರಡು ಸಲ ಕೊಟ್ಟಿದ್ದು ನಾನು. ಕಿವಿಯಲ್ಲಿ ಫೋನಿತ್ತು, ನಮ್ಮಕ್ಕನ ಹತ್ರ ಹರಟೆ. ಎರಡನೇ ಸಲ ನೀರಿನ ಲೋಟ ಚಾಚಿದಾಗ ನೀವು "ಆಗ್ಲೇ ಕೊಟ್ಟೆಯಲ್ಲೇ" ಅಂದ್ರಿ. ಇಲ್ಲ ಅತ್ತೆ, ನಿಮಗೆ ಮರೆವು, ನುಂಗಿ ಅಂದೆ. ನನ್ನ ಮಾತು ನಂಬಿ ನುಂಗಿದ್ರಿ. ಆಸ್ಪತ್ರೆಗೆ ಹೋಗ್ತಾ ಆಟೋದಲ್ಲೇ ನನಗೆ ನೆನಪಾಯ್ತು, ಡಾಕ್ಟರ್ ಕೇಳಿದಾಗ ಮಾತ್ರ ಅವರೇ ಮರೆತು ನುಂಗಿದಾರೆ ಅಂತ ಬಾಯಿ ಹೇಳ್ಬಿಡ್ತು. ನಿಮ್ಮ ಮಗನಿಗೆ ಬೆಳಿಗ್ಗೆ ಎಲ್ಲ ಹೇಳ್ದೆ, ಇನ್ನೂ ನನ್ನ ಹತ್ರ ಮಾತಾಡಿಲ್ಲ. ನಿಮ್ಮ ತಲೆಗೆ ಏನೂ ಆಗಿಲ್ಲ ಅತ್ತೆ. ಆವತ್ತು ಮನೆಯಲ್ಲಿ ಧ್ಯಾಸ ಇದ್ದಿದ್ದು ನಿಮಗೊಬ್ಬರಿಗೇ. ಈ ಸಾಲುಗಳನ್ನ ಸುನಂದಕ್ಕನ ಕೈಲಿ ಗಟ್ಟಿಯಾಗಿ ಓದಿಸಿ, ಮನೆಯವರೆಲ್ಲ ಕೂತು ಕೇಳ್ಲಿ.