ಮಿಕ ಆರುವ ತನಕ

ಹೂಳು ತುಂಬಿದ ನೂರೆಂಟನೆಯ ವರ್ಷ, ಎರಡನೆಯ ಅಧಿಕ ಮಾಸ, ಮೂವತ್ತೆರಡನೆಯ ರಾತ್ರಿ. ಕಟ್ಟೆಯ ಮೇಲಿನಿಂದ.

ನಿಮ್ಮ ಪಂಚಾಂಗದಲ್ಲಿ ಇಂಥ ದಿನವಿಲ್ಲ ಎಂಬುದು ನನಗೆ ಗೊತ್ತು. ಮಳೆಯೂ ಬೇಸಿಗೆಯೂ ತಮ್ಮ ಜಾಗ ಬಿಟ್ಟು ಸರಿದ ಮೇಲೆ ತಿಂಗಳುಗಳನ್ನು ಎಳೆದು ಕೂಡಿಸಬೇಕಾಯಿತು. ಮಿಕ್ಕ ದಿನಗಳನ್ನು ಕೊನೆಗೆ ಗಂಟು ಹಾಕಿದೆವು. ಈ ಕಾಗದದಲ್ಲಿ ನಿಮಗೆ ಒಗ್ಗದ ಕೆಲವು ಮಾತುಗಳು ಬರುತ್ತವೆ. ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ ಅನ್ನಿಸಿದರೆ ಕ್ಷಮಿಸಿ. ಸಿಕ್ಕಲ್ಲೇ ಒಂದೊಂದನ್ನು ತೆಗೆದಿಡುತ್ತ ಹೋಗುತ್ತೇನೆ. ಇದು ನಿಮಗೆ ಹೇಗೆ ತಲುಪುತ್ತದೆ ಎಂದು ಕೇಳಬೇಡಿ. ನಿಮ್ಮ ವಸ್ತು ನಮಗೆ ತಲುಪಿದೆ. ಅದು ಬಂದ ದಾರಿಯಲ್ಲೇ ಇದು ಹಿಂದಕ್ಕೆ ನಡೆಯಲಿ.

ನೀವು ಜಲಾಶಯ ಎಂದು ಕರೆದದ್ದನ್ನು ನಾವು ಹೂಳುಬಯಲು ಎನ್ನುತ್ತೇವೆ. ನೀರು ನಿಲ್ಲಬೇಕಾದಲ್ಲಿ ಮಣ್ಣು ನಿಂತಿತು. ನೀವು ಕಟ್ಟಿದ ಅಣೆಕಟ್ಟಿನ ನೆತ್ತಿಯ ಮೇಲೆ ನಮ್ಮ ಊರಿದೆ: ಒಂದೇ ಬೀದಿ, ಒಂದೇ ಸಾಲು ಮನೆ, ಈಚೆಗೆ ಬಯಲು, ಆಚೆಗೆ ಬರೀ ಆಳ. ಹಗಲಿನ ಬಿಸಿಲಿಗೆ ಯಾರೂ ಹೊರಬರುವುದಿಲ್ಲ. ಬಾಗಿಲಿಗೆ ಒದ್ದೆ ಗೋಣಿ ಕಟ್ಟಿ ಮಲಗುತ್ತೇವೆ. ಹೊತ್ತು ಮುಳುಗಿದ ಮೇಲೆ ಮುಖ ತೊಳೆದು, ಮೆಟ್ಟಿಲಿಳಿದು, ಹೂಳಿನಲ್ಲಿ ಗೆಣಸು ಅಗೆಯುತ್ತೇವೆ. ಸೊಳ್ಳೆಯ ಕಾಟಕ್ಕೆ ಮೈಗೆಲ್ಲ ಕೆಸರು ಬಳಿದುಕೊಂಡು, ತಲೆಗೆ ಒದ್ದೆ ಗೋಣಿ ಹೊದೆಯುವುದು ನಮ್ಮ ಅಗೆಯುವವರ ಉಡುಪು. ಮದುವೆ, ಜಗಳ, ಮಕ್ಕಳ ಪಾಠ ಎಲ್ಲವೂ ಕತ್ತಲಲ್ಲೇ. ಹಾಗಾಗಿ ರಾತ್ರಿ ಎಂದರೆ ನಿಮಗೆ ಬರುವ ಭಯ ನಮಗೆ ಬರುವುದಿಲ್ಲ. ನನಗೆ ಬರುವುದು ಹೇಸಿಗೆ.

ಕಟ್ಟೆಯ ಹೊಟ್ಟೆಯೊಳಗಿನ ಸುರಂಗದಲ್ಲಿ ನಮ್ಮ ಅಜ್ಜಂದಿರಿಗೆ ನೀವು ಇಟ್ಟುಹೋದ ಒಂದು ಕರೀ ಪೆಟ್ಟಿಗೆ ಸಿಕ್ಕಿತು. ಒಳಗೆ ಬಂದೂಕು, ಅದರ ಬೆನ್ನಿಗೆ ಕೂರಿಸುವ ದುರ್ಬೀನು, ದುರ್ಬೀನಿನ ಗಾಜು ಒರೆಸಲು ಅಂಗೈಯಗಲದ ಒಂದು ಮೆತ್ತನೆ ಬಟ್ಟೆ. ದುರ್ಬೀನಿಗೆ ನಾವು ಬಿಸಿಗಣ್ಣು ಎನ್ನುತ್ತೇವೆ. ಅದು ಬೆಳಕನ್ನು ನೋಡುವುದಿಲ್ಲ, ಕಾವನ್ನು ನೋಡುತ್ತದೆ. ಬಿಸಿ ಇದ್ದದ್ದೆಲ್ಲ ಬೆಳ್ಳಗೆ, ತಣ್ಣಗಿದ್ದದ್ದೆಲ್ಲ ಕಪ್ಪಗೆ. ಅದರಲ್ಲಿ ಮನುಷ್ಯನ ಮುಖ ನೋಡಿದರೆ ಮೂಗು ಕರೀ ತೂತಿನಂತೆ, ಬಾಯಿ ಉರಿಯುವ ಒಲೆಯಂತೆ ಕಾಣುತ್ತದೆ. ಯಾರ ಮುಖವೆಂದು ಹೇಳಲಾಗದು. ಗೋಡೆಗೆ ಕೈಯಿಟ್ಟು ತೆಗೆದರೆ ಕೈ ಹೋದ ಮೇಲೂ ಅದರ ಬಿಳುಪು ಸ್ವಲ್ಪ ಹೊತ್ತು ಉಳಿಯುತ್ತದೆ. ಕಟ್ಟೆಯ ಮೋಟುಗೋಡೆಯ ಮೇಲೆ ಯಾರು ಯಾರ ಪಕ್ಕದಲ್ಲಿ ಕೂತಿದ್ದರು ಎಂಬುದನ್ನು ಊರು ಹೀಗೆಯೇ ಪತ್ತೆ ಮಾಡುತ್ತಿತ್ತು. ಪಕ್ಕದ ಮನೆಯ ಯಂಕೋಬನದು ಎಲ್ಲರಿಗಿಂತ ಅಗಲವಾದ ಗುರುತು. ಅದನ್ನು ಹೇಳಿ ಯಾರಾದರೂ ನಕ್ಕರೆ ಅವನು, ನಾ ಎದ್ದು ಹೋದ್ರೂ ನನ್ನ ಬಿಸಿ ಕುಂತಿರ್ತೈತಿ, ಸಾಲ ಕೇಳಾಕ ಬಂದವರು ಅದರ ಕೂಡ ಮಾತಾಡ್ರಿ ಎನ್ನುತ್ತಿದ್ದ.

ಬಿಸಿಗಣ್ಣಿನ ನೆನಪಿನಲ್ಲಿ ನಿಮ್ಮ ಒಂದು ರಾತ್ರಿಯೂ ಉಳಿದುಕೊಂಡಿತ್ತು. ಗುಂಡಿ ಒತ್ತಿದರೆ ಕಾಣುತ್ತದೆ: ಬಿಳೀ ಹಂದಿಗಳ ಒಂದು ಹಿಂಡು ನೆಲ ಮೂಸುತ್ತಿದೆ, ಒಂದು ಉರುಳುತ್ತದೆ, ಉಳಿದವು ಚೆದುರುತ್ತವೆ, ಉರುಳಿದ್ದು ಕಾಲಿನಿಂದ ಗಾಳಿಯಲ್ಲಿ ಓಡುತ್ತದೆ. ಬಳಿಕ ಯಾರೋ ನಗುತ್ತಾರೆ. ಮಾತು ಯಾವ ಸೀಮೆಯದೋ ನಮಗೆ ತಿಳಿಯಲಿಲ್ಲ, ನಗು ತಿಳಿಯಿತು. ನಮ್ಮ ಬೇಟೆಗಾರರು ಆ ನಗುವನ್ನು ಕಲಿತರು. ಮೂಗಿನಿಂದ ಎರಡು ಸಲ, ಗಂಟಲಿನಿಂದ ಒಂದು ಸಲ. ಈಗಿನ ಬೇಟೆಗಾರ ಗಾಳೆಪ್ಪ ಸಾಧು ಮನುಷ್ಯ, ತಾಯಿಯ ಕಾಲು ಒತ್ತುವವನು. ಗುಂಡು ತಗುಲಿದ ಕೂಡಲೇ ಅವನ ಬಾಯಿಂದಲೂ ನಿಮ್ಮವನು ನಗುತ್ತಾನೆ.

ಹಂದಿಯನ್ನು ಹೊಡೆಯಬಾರದೆಂದು ನಾನು ಹೇಳುತ್ತಿಲ್ಲ. ಬೇಟೆಯ ಪ್ರಾಣಿಗೆ ನಾವು ಮಿಕ ಎನ್ನುತ್ತೇವೆ, ನಮಗೆ ಉಳಿದಿರುವ ಮಿಕ ಅದೊಂದೇ. ಒಂದು ಹಿಂಡು ಒಂದು ರಾತ್ರಿ ಹೊಕ್ಕರೆ ಒಂದು ಮನೆಯ ವರ್ಷದ ಗೆಣಸು ಹೋಗುತ್ತದೆ. ಹಿಂಡು ಕಂಡಾಗ ಕೊಂಬು ಊದುತ್ತಾರೆ. ಅಗೆಯುವವರೆಲ್ಲ ಮೆಟ್ಟಿಲು ಹತ್ತಿ ಬರಬೇಕು. ಆಮೇಲೆ ಗಾಳೆಪ್ಪ ಬಿಸಿಗಣ್ಣಿನಲ್ಲಿ ಬಯಲನ್ನು ಈ ತುದಿಯಿಂದ ಆ ತುದಿಗೆ ಒಮ್ಮೆ ಸವರಿ ನೋಡುತ್ತಾನೆ. ನೆಟ್ಟಗೆ ನಿಂತ ಬಿಳುಪು ಎಲ್ಲೂ ಇಲ್ಲದಿದ್ದರೆ, ಬಯಲು ಕರ್ರಗೈತಿ ಎಂದು ಕೂಗುತ್ತಾನೆ. ಕೂಗಿದ ಮೇಲೆ ಬಯಲಿನಲ್ಲಿ ಮನುಷ್ಯರಿಲ್ಲ ಎಂದೇ ಲೆಕ್ಕ. ಯಾರ ಮನೆಗೂ ಹೋಗಿ, ನಿಮ್ಮವರು ಬಂದರೇ ಎಂದು ಕೇಳುವುದಿಲ್ಲ. ಹಂದಿಗಳಾದರೂ ಬಲು ಹಿಂದೆಯೇ ಉಪಾಯ ಕಂಡುಕೊಂಡಿದ್ದವು: ತಣ್ಣನೆ ಕೆಸರಿನಲ್ಲಿ ಹೊರಳಿ ಎದ್ದರೆ ಬಿಸಿಗಣ್ಣಿಗೆ ಅವು ಕಾಣುವುದಿಲ್ಲ. ಇದನ್ನು ಬಲ್ಲ ಬೇಟೆಗಾರರು ಹಂದಿಯ ಕಳ್ಳಬುದ್ಧಿಯನ್ನು ಬೈಯುತ್ತಿದ್ದರು. ಕೆಸರು ಮನುಷ್ಯನ ಮೈಮೇಲೂ ಕೆಸರೇ ಎಂಬುದು ಯಾರಿಗೂ ಹೊಳೆಯಲಿಲ್ಲ.

ಈಗ ಹೇಸಿಗೆಯ ಮಾತಿಗೆ ಬರುತ್ತೇನೆ. ಬಿದ್ದ ಮಿಕದ ಹತ್ತಿರ ಕೂಡಲೇ ಹೋಗಬಾರದು, ಎದ್ದು ತಿವಿದೀತು ಎಂದು ಹಿರಿಯರು ಒಂದು ನಿಯಮ ಮಾಡಿದ್ದರು: ಅದು ಆರಿ ತಣ್ಣಗಾಗಿ ನೆಲದ ಬಣ್ಣಕ್ಕೆ ಬಂದು ಬಿಸಿಗಣ್ಣಿನಿಂದ ಮರೆಯಾಗುವ ತನಕ ಯಾರೂ ಕಟ್ಟೆಯಿಂದ ಇಳಿಯುವಂತಿಲ್ಲ. ಇದು ಆರುಗಾವಲು. ಬುದ್ಧಿವಂತಿಕೆಯಿಂದ ಹುಟ್ಟಿದ್ದು ಬರಬರುತ್ತ ರುಚಿಯಾಯಿತು. ಕೊಂಬು ಕೇಳಿದೊಡನೆ ಮನೆಮನೆಯಿಂದ ಹುರಿದ ಶೇಂಗಾ ಹಿಡಿದು ಬರುತ್ತಾರೆ. ಮೋಟುಗೋಡೆಯ ಮೇಲೆ ಸಾಲಾಗಿ ಕೂತು, ಬಂದೂಕಿನಿಂದ ಬಿಚ್ಚಿದ ಬಿಸಿಗಣ್ಣನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಹರಿದ ರಕ್ತ ಮೊದಲು ಹಾಲಿನಂತೆ ಬೆಳ್ಳಗಿದ್ದು ಬೂದಿಯಾಗುತ್ತದೆ. ಕಿವಿ ಮೊದಲು ಆರುತ್ತದೋ ಕಾಲೋ ಎಂದು ಪಂತ ಕಟ್ಟುತ್ತಾರೆ. ಕೊನೆಯದು ಹೊಟ್ಟೆ. ಗಬ್ಬದ ಹಂದಿಯಾದರೆ ಹೊಟ್ಟೆಯ ಬಿಳುಪು ಬಹಳ ಹೊತ್ತು ನಿಲ್ಲುತ್ತದೆ, ಒಮ್ಮೊಮ್ಮೆ ಅಲುಗುತ್ತದೆ. ಒಲೆ ಇನ್ನೂ ಆರಿಲ್ಲ ಎನ್ನುತ್ತಾರೆ. ಎಳೆಯ ತಾಯಂದಿರು ಮಕ್ಕಳನ್ನು ತೊಡೆಯ ಮೇಲೆ ಎತ್ತಿ ಕೂರಿಸಿ ತೋರಿಸುತ್ತಾರೆ.

ನನ್ನ ಕಸುಬು ಆ ಹಂದಿಗಳನ್ನು ಕೊಯ್ಯುವುದು. ಕಟ್ಟೆಯ ಬುಡದ ಹಳೆಯ ತೂಬಿನ ಬಳಿ, ಬಯಲಿಗೆ ಮರೆಯಾಗಿ, ನನ್ನ ಚಪ್ಪರವಿದೆ. ಕರುಳಿಗೆ, ರಕ್ತಕ್ಕೆ ಹೇಸುವ ಮೂಗು ನನ್ನದಲ್ಲ. ಆದರೆ ಈ ಸೆಕೆಯಲ್ಲಿ ಹೊಟ್ಟೆ ಬಗೆಯದೆ ಅಷ್ಟು ಹೊತ್ತು ಬಿಟ್ಟ ಮಾಂಸ ಊದಿಕೊಂಡೇ ನನ್ನ ಕೈಗೆ ಬರುತ್ತದೆ. ಕತ್ತಿ ಮುಟ್ಟಿಸಿದರೆ ನಿಟ್ಟುಸಿರು ಬಿಡುತ್ತದೆ. ನೋಡುವ ಸುಖಕ್ಕಾಗಿ ಊರು ನಾರುವ ಮಾಂಸ ತಿನ್ನುತ್ತದೆ. ಮೆಣಸು ಹೆಚ್ಚು ಹಾಕುತ್ತದೆ. ನಾನೂ ಉಣ್ಣುತ್ತೇನೆ, ಬೇರೆ ಇಲ್ಲ. ನನಗೆ ತಡೆಯಲಾಗದ್ದು ವಾಸನೆಯಲ್ಲ, ಮೇಲಿನಿಂದ ಕೇಳುವ ಶಬ್ದ: ಕತ್ತಲಲ್ಲಿ ಒಂದು ಊರೇ ಮೆಲ್ಲಗೆ ಶೇಂಗಾ ಅಗಿಯುತ್ತಿರುವುದು.

ಹೋದ ತಿಂಗಳು ಹಿಂಡು ಬಂದಾಗ ಯಂಕೋಬ ಬಯಲಿನ ನಡುವೆ ಉಸುಬಿನಲ್ಲಿ ಸಿಕ್ಕಿದ್ದ. ಮೇಲೆ ಗಟ್ಟಿ ನೆಲದಂತೆ ಕಂಡು, ಕಾಲಿಟ್ಟರೆ ಒಳಗೆ ಎಳೆದುಕೊಳ್ಳುವ ಕೆಸರು ಅದು. ಎದೆಯ ತನಕ ಇಳಿದಿದ್ದ. ತೋಳಿಗೆ, ಮುಖಕ್ಕೆ ಬಳಿದ ಕೆಸರು, ತಲೆಗೆ ಒದ್ದೆ ಗೋಣಿ. ಗಾಳೆಪ್ಪನಿಗೆ ಬಯಲು ಕರ್ರಗೆ ಕಂಡಿತು. ಕೂಗಿದ, ಹೊಡೆದ, ನಕ್ಕ. ಬಿದ್ದದ್ದು ಗಬ್ಬದ ಹಂದಿ. ಊರು ಶೇಂಗಾ ಬಿಚ್ಚಿಕೊಂಡು ಕೂತಿತು.

ಯಂಕೋಬನ ಹೆಂಡತಿ ಹುಲಿಗೆವ್ವ ಗಂಡನನ್ನು ಹುಡುಕುತ್ತ ಬಂದವಳು ಗೋಡೆಯ ಬಳಿ ನಿಂತಳು. ಕೆಳಗಿನಿಂದ ಒಂದು ದನಿ ಅವಳ ಹೆಸರು ಹಿಡಿದು ಕರೆಯುತ್ತಿತ್ತು. ಅವಳೊಬ್ಬಳಿಗೇ ಅಲ್ಲ, ಅದು ಹಲವರಿಗೆ ಕೇಳಿಸಿತ್ತಂತೆ. ಗಾಳೆಪ್ಪ ಮತ್ತೊಮ್ಮೆ ಬಯಲನ್ನು ಸವರಿ ನೋಡಿ ಅವಳನ್ನು ಸಮಾಧಾನಪಡಿಸಿದ.

“ಅಲ್ಲೇನಿಲ್ಲಕ್ಕಾ. ಸಾಯೋ ಮಿಕ ಮನಷ್ಯಾರಂಗ ಒದರತೈತಿ. ತಗೊ, ನೀನ ನೋಡು.”

ಅವಳು ಬಿಸಿಗಣ್ಣು ಇಸಿದುಕೊಂಡು ನೋಡಿದಳು. ಉರುಳಿದ ಹಂದಿಯ ಬಿಳುಪು, ಅದರ ಸುತ್ತ ಕಪ್ಪು. ದನಿ ಬರುತ್ತಿದ್ದ ಕಡೆಯೂ ಕಪ್ಪೇ. ಅದನ್ನು ವಾಪಸು ಕೊಟ್ಟು, “ಹಂದಿಗೆ ನನ್ನ ಹೆಸರು ಗೊತ್ತೈತೇನೋ ಗಾಳೆಪ್ಪ?” ಎಂದು ಕೇಳಿ, ಮೆಟ್ಟಿಲಿಳಿದಳು.

ಗಾಳೆಪ್ಪ ಬಂದೂಕನ್ನು ಅವಳ ಕಡೆಯಿಂದ ಬೇರೆ ಕಡೆಗೆ ತಿರುಗಿಸಿ ಹಿಡಿದ. ಅಷ್ಟು ಉಪಕಾರ ಮಾಡಿದ ಎಂದು ಊರು ಈಗಲೂ ಹೇಳುತ್ತದೆ. ಅವಳ ಬಿಳುಪು ಕಪ್ಪಿನೊಳಗೆ ನಡೆದು ಹೋಗಿ, ಏನೂ ಇಲ್ಲದ ಕಡೆ ಬೋರಲು ಮಲಗಿ, ನೆಲವನ್ನು ಒರೆಸತೊಡಗಿತು. ಯಂಕೋಬ ಗೆಣಸಾಗ್ಯಾನ, ಅಗದು ತರಾಕ ಹೋಗ್ಯಾಳ ಎಂದು ಯಾರೋ ಅಂದರು. ಸಾಲಿನ ಉದ್ದಕ್ಕೂ ನಗು ಹೋಯಿತು. ಅಷ್ಟರಲ್ಲಿ ಅವಳ ಕೈ ಆಡಿದಲ್ಲಿ ಒಂದು ಬಿಳೀ ಚುಕ್ಕೆ ಮೂಡಿತು. ಅದು ಹಣೆಯಾಯಿತು, ಕೆನ್ನೆಯಾಯಿತು, ಬಾಯಾಯಿತು. ಸೆರಗಿನಿಂದ ಅವಳು ಕಪ್ಪಿನೊಳಗಿಂದ ಒಂದು ಮುಖವನ್ನು ಒರೆಸಿ ತೆಗೆದಳು. ನಗು ನಿಂತಿತು. ಅವಳು ಹಗ್ಗ ತರಲು ಕೂಗಿದಳು. ಯಾರೂ ಇಳಿಯಲಿಲ್ಲ, ಹಂದಿಯ ಹೊಟ್ಟೆ ಇನ್ನೂ ಬೆಳ್ಳಗಿತ್ತು. ಗಾಳೆಪ್ಪ ಅಂಗೈಯಗಲದ ಬಟ್ಟೆಯಿಂದ ಗಾಜು ಒರೆಸಿ, ಮತ್ತೆ ನೋಡಿ, ಕೂಗಿ ಹೇಳಿದ:

“ಆರಲಿ ತಡಿ ಅಕ್ಕಾ, ಇಳಿತೀವಿ.”

ಮಿಕ ಆರಿತೇ ಎಂದು ಕೇಳಲು ನಾನು ಚಪ್ಪರದಿಂದ ಮೇಲೆ ಹತ್ತಿ ಬಂದದ್ದು ಆಗ. ಅಷ್ಟು ಜನ ಇದ್ದೂ ಅಗಿಯುವ ಶಬ್ದ ಇರಲಿಲ್ಲ. ಅದೇ ನನಗೆ ವಿಚಿತ್ರವಾಗಿ ತೋರಿತು. ಕೈಯಿಂದ ಕೈಗೆ ಬರುತ್ತಿದ್ದ ಬಿಸಿಗಣ್ಣು ನನ್ನ ಕೈಗೂ ಬಂತು. ಕಪ್ಪಿನ ನಡುವೆ ದೇಹವಿಲ್ಲದ ಒಂದು ಮುಖ, ಅದರ ಪಕ್ಕ ಇಡೀ ಹೊತ್ತಿಕೊಂಡಂತೆ ಒಂದು ಹೆಂಗಸು. ಮುಖದ ಅಂಚು ಬೂದಿಯಾಗುತ್ತಿತ್ತು. ನನ್ನ ಹಿಂದೆ ಒಂದು ಮುದಿ ದನಿ, ಬೇಕೆಂದು ಅಲ್ಲ, ದಿನಾ ಹೇಳುವ ಮಾತು ತಾನಾಗಿ ಬಾಯಿಗೆ ಬಂದಂತೆ, ತನಗೆ ತಾನೇ ಹೇಳಿಕೊಂಡಿತು: ಕಿವಿ ಮೊದಲು.

ನಾನು ಹಂದಿ ಎಳೆಯುವ ಹಗ್ಗ ಹಿಡಿದು ಇಳಿದೆ. ಹುಲಿಗೆವ್ವ ಕಂಕುಳಿಗೆ ಹಗ್ಗ ಕಟ್ಟಿದಳು, ಇಬ್ಬರೂ ಎಳೆದೆವು. ಉಸುಬು ಬಿಡಲು ಮನಸ್ಸಿಲ್ಲದಂತೆ ಬಿಟ್ಟಿತು. ಎದೆಯ ಮೇಲಿನ ಕೆಸರಿನ ಒತ್ತಡಕ್ಕೆ ಅವನ ಉಸಿರು ಆಗಲೇ ನಿಂತಿತ್ತು. ನಾವು ಅವನನ್ನು ಗಟ್ಟಿ ನೆಲದ ಮೇಲೆ ಮಲಗಿಸುತ್ತಿದ್ದಾಗ ಮೇಲಿನಿಂದ, ಆರಿತು ಎಂಬ ಕೂಗು ಕೇಳಿಸಿತು. ಅದು ಹಂದಿಯನ್ನು ಕುರಿತದ್ದೇ ಇರಬೇಕು.

ಆಮೇಲೆ ಊರೆಲ್ಲ ಇಳಿದು ಬಂತು. ನಿಜವಾಗಿಯೇ ಅತ್ತಿತು, ಗಾಳೆಪ್ಪ ಎದೆ ಬಡಿದುಕೊಂಡು ಅತ್ತ. ಹಂದಿಯನ್ನು ಕೊಯ್ಯಲು ನಾನು ಒಪ್ಪಲಿಲ್ಲ, ಬೇರೆಯವರು ಕೊಯ್ದರು. ಸಾವಿನ ಮನೆಗೆ ಮೊದಲ ಪಾಲು ಕಳಿಸುವುದು ನಮ್ಮ ಪದ್ಧತಿ. ಎಲೆಯಲ್ಲಿ ಸುತ್ತಿ ಬಂದ ಬೆಂದ ಮಾಂಸದಲ್ಲಿ ಒಂದು ಕಿವಿಯೂ ಇತ್ತು. ಹುಲಿಗೆವ್ವ ಎಲೆ ಬಿಡಿಸಿ ನೋಡಿ, ಮತ್ತೆ ಮಡಿಚಿ, ತಂದವರ ಕೈಗೇ ಕೊಟ್ಟಳು.

“ಇದಿನ್ನೂ ಬಿಸಿ ಐತಿ. ಆರಿದ ಮ್ಯಾಲೆ ತಗೊಂಬರ್ರಿ.”

ಊರು ಸಭೆ ಸೇರಿ ಪಾಠ ಕಲಿತಿತು. ಪಾಠವೇನೆಂದರೆ, ಇನ್ನು ಮುಂದೆ ಅಗೆಯುವವರು ಕೊರಳಿಗೆ ಕೆಂಡದ ಕುಡಿಕೆ ಕಟ್ಟಿಕೊಳ್ಳಬೇಕು, ಬಿಸಿಗಣ್ಣಿಗೆ ಕಾಣುವ ಹಾಗೆ. ಕೆಂಡ ತಾಗಿ ಈಗ ಊರಿನ ಅರ್ಧ ಜನರ ಎದೆ ಬೊಬ್ಬೆ ಎದ್ದಿದೆ. ಆರುಗಾವಲನ್ನು ಯಾರೂ ಬೇಡವೆನ್ನಲಿಲ್ಲ. ಕೊಂಬು ಕೇಳಿದರೆ ಶೇಂಗಾ ಈಗಲೂ ಬರುತ್ತದೆ. ಈ ಜನರ ನಡುವೆಯೇ ನಾನು ಮುಖ ತೊಳೆಯುತ್ತೇನೆ, ಊಟ ಮಾಡುತ್ತೇನೆ. ಇವರು ಕೆಟ್ಟವರಲ್ಲ ಎಂಬುದೇ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದೆ.

ಹುಲಿಗೆವ್ವ ಮಾತ್ರ ಕುಡಿಕೆ ಕಟ್ಟುವುದಿಲ್ಲ. ದಿನವೂ ಕೆಸರು ಬಳಿದು, ಗಂಡನ ಗೋಣಿಯನ್ನೇ ಒದ್ದೆ ಮಾಡಿ ಹೊದ್ದು ಇಳಿಯುತ್ತಾಳೆ. ಕೊಂಬು ಊದಿದರೆ ಹತ್ತಿ ಬರುವುದಿಲ್ಲ. ಗಾಳೆಪ್ಪ ಎಷ್ಟು ಸಲ ಸವರಿ ನೋಡಿದರೂ ಬಯಲು ಕರ್ರಗೆ, ಅವಳು ಅದರೊಳಗೆ ಎಲ್ಲೋ. ಬಯಲು ಕರ್ರಗೈತಿ ಎಂದು ಕೂಗಲು ಅವನಿಗೀಗ ಬಾಯಿ ಏಳುವುದಿಲ್ಲ, ಗುಂಡು ಹಾರಿಸಲು ಬೆರಳೂ ಬಾರದು. ಬಂದೂಕು ಇಳಿಸಿ, ಬಿಸಿಗಣ್ಣು ಬದಿಗಿಟ್ಟು, ಅಕ್ಕಾ ಎಲ್ಲಿದ್ದಿ ಎಂದು ಕತ್ತಲೆಗೆ ಕೂಗುತ್ತಾನೆ. ಕೂಗಿ, ಉಸಿರು ಬಿಗಿಹಿಡಿದು ಕಿವಿಗೊಡುತ್ತಾನೆ. ಅವಳು ಓಗೊಡುವುದಿಲ್ಲ. ಹಂದಿಗಳು ಗೆಣಸು ತಿಂದು ಹೋಗುತ್ತವೆ. ಊರು ಅವಳನ್ನು ಬೈಯುತ್ತದೆ, ಬೇಡಿಕೊಳ್ಳುತ್ತದೆ. ಬರುವ ವರ್ಷ ಹಸಿವು ಖಂಡಿತ. ಕಣ್ಣಿಗೆ ಕಾಣದ್ದಕ್ಕೆ ಊರು ಕಿವಿಗೊಟ್ಟದ್ದನ್ನು ನನ್ನ ಆಯುಸ್ಸಿನಲ್ಲಿ ನಾನು ನೋಡಿದ್ದು ಇದೊಂದೇ.

ನೀವು ಇದನ್ನು ಮಾಡಬೇಡಿ ಎಂದು ಕೇಳಿಕೊಂಡು ಪ್ರಯೋಜನವಿಲ್ಲ. ಮಾಡಿದ್ದೀರಿ, ನಗುವಿನ ಸಮೇತ ಇಲ್ಲಿದೆ. ನನ್ನದು ಸಣ್ಣ ಬೇಡಿಕೆ. ಆ ಪೆಟ್ಟಿಗೆಯನ್ನು ಸುರಂಗದಲ್ಲಿ ಇಡುವವರು ಯಾರೋ, ಅವರಿಗೆ ಹೇಳಿ: ಬಂದೂಕು ಇಡಲಿ, ದುರ್ಬೀನು ಇಡಲಿ, ಆ ಅಂಗೈಯಗಲದ ಬಟ್ಟೆಯನ್ನು ಹೊರಗೆ ತೆಗೆಯಲಿ. ಅದು ಮೆತ್ತಗಿದೆ, ಯಾರದಾದರೂ ಮುಖ ಒರೆಸಲು ಬಂದೀತು. ಗಾಜು ತನ್ನ ಪಾಡಿಗೆ ಮಸುಕಾಗಲಿ.

ಕೊಂಬು ಊದುತ್ತಿದ್ದಾರೆ. ಗಾಳೆಪ್ಪ ಕರೆಯುವುದು ಕೇಳಿಸುತ್ತಿದೆ. ಇಲ್ಲಿಗೆ ನಿಲ್ಲಿಸುತ್ತೇನೆ, ನಾನೂ ಸ್ವಲ್ಪ ಕಿವಿಗೊಡಬೇಕು.