ಆ ನೋಟ್ಸಿಗೆ ಪುಸ್ತಕವಿಲ್ಲ

ತವರುಮನೆ
ಮಂಗಳವಾರ, 14-9-1976

ಮುದ್ದೇಬಿಹಾಳದಲ್ಲಿರುವ ನಮ್ಮವರಿಗೆ ಗುರವ್ವನ ಶರಣು.

ಇಲ್ಲಿ ನಾವು ಕ್ಷೇಮ ಎಂದು ಬರೆದರೆ ಅರ್ಧ ಮಾತ್ರ ನಿಜ. ಕೂಸು ಕ್ಷೇಮ. ತೂಕ ಏರಿದೆ, ದನಿಯೂ ಏರಿದೆ. ನಾನು ಮಾತ್ರ ಈ ಎರಡು ತಿಂಗಳಲ್ಲಿ ಒಂದೇ ಸಲಕ್ಕೆ ಎರಡು ತಾಸು ಮಲಗಿದ್ದು ನೆನಪಿಲ್ಲ. ಈಗ ಮಧ್ಯಾಹ್ನ. ಅವ್ವ ಕೂಸಿಗೆ ನೀರೆರೆದು ತೊಟ್ಟಿಲಿಗೆ ಹಾಕಿದ್ದಾಳೆ. ಅದು ಏಳುವುದರೊಳಗೆ ಬರೆದು ಮುಗಿಸಬೇಕು. ಸಾಲು ಸೊಟ್ಟಗಾದರೆ ಮನ್ನಿಸಿ.

ನಿಮ್ಮ ಕಾಗದವನ್ನು ನಮ್ಮೂರ ಕಂಡಕ್ಟರ್ ರಸೂಲಸಾಬ ನಿನ್ನೆ ತಂದುಕೊಟ್ಟ. "ಟಪಾಲಿಗೆ ಹಾಕಬ್ಯಾಡ, ಕೈಯಾಗ ಕೊಡು ಅಂದಾರ ನೋಡ್ರಿ ಅಕ್ಕಾರ. ಸಾಹೇಬ್ರ ಮಾರಿ ಭಾಳ ಇಳದಿತ್ತು" ಎಂದ. ಓದಿದ ಮೇಲೆ ನನ್ನ ಮುಖವೂ ಇಳಿಯಿತು. ನೀವು ತರಗತಿಯಲ್ಲಿ ಹೇಳಿ ಬರೆಸಿದ ಫ್ಯಾಸಿಸಂ ನೋಟ್ಸು ಪ್ರಿನ್ಸಿಪಾಲರ ಮೇಜು ಸೇರಿದೆ. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರದ ವಿರುದ್ಧ ಬರೆಸಿದ್ದಾರೆಂದು ಯಾರೋ ದೂರು ಕೊಟ್ಟಿದ್ದಾರೆ. ಶುಕ್ರವಾರ ಆಡಳಿತ ಮಂಡಳಿ ಕೂಡುತ್ತದೆ. ಯಾವ ಪುಸ್ತಕದಿಂದ ತೆಗೆದದ್ದೆಂದು ತೋರಿಸದಿದ್ದರೆ ನೌಕರಿ ಹೋಗುತ್ತದೆ, ಪೊಲೀಸರ ಕಿವಿಗೆ ಬಿದ್ದರೆ ನೀವೂ ಒಳಗೆ ಹೋಗಬಹುದು. ಪುಸ್ತಕದ ಹೆಸರು ಕೂಡಲೇ ತಿಳಿಸು ಎಂದಿದ್ದೀರಿ.

ಪುಸ್ತಕವಿಲ್ಲ.

ಫ್ಯಾಸಿಸಂ ಎಂದರೇನು, ಕಾರ್ಪೊರೇಟಿಸಂಗೂ ಅದಕ್ಕೂ ವ್ಯತ್ಯಾಸವೇನು, ನಿನ್ನ ಬಿ.ಎ. ನೋಟ್‌ಬುಕ್ಕಿನಿಂದ ಇಳಿಸಿ ಕಳಿಸು ಎಂದು ಶ್ರಾವಣದಲ್ಲಿ ಬರೆದಿರಲ್ಲ, ಆಗ ಮಂಚದ ಕೆಳಗಿನ ಟ್ರಂಕು ತೆಗೆದು ನೋಡಿದರೆ ಆ ಹಾಳೆಗಳನ್ನು ಗೆದ್ದಲು ತಿಂದಿತ್ತು. ಗೆಳೆಯರ ಮುಂದೆಲ್ಲ "ನಮ್ಮ ಮನಿಯಾಕಿ ಫಸ್ಟ್ ಕ್ಲಾಸ್" ಎಂದು ಹೇಳಿಕೊಂಡು ಬಂದವರು ನೀವು. ಇಲ್ಲ ಎನ್ನಲು ನಾಚಿಕೆಯಾಯಿತು. ಕೂಸನ್ನು ಎದೆಗೆ ಹಾಕಿಕೊಂಡು ತಲೆಯಲ್ಲಿ ಉಳಿದದ್ದನ್ನು ಬರೆದೆ.

ಮೊದಲ ಪುಟ ಸರಿಯಾಗಿಯೇ ಇದೆ. ಕಾರ್ಪೊರೇಟಿಸಂ ಎಂದರೆ ಕಂಪನಿಗಳ ಆಳ್ವಿಕೆಯಲ್ಲ. ಜನರನ್ನು ಒಬ್ಬೊಬ್ಬ ಮತದಾರನಾಗಿ ಎಣಿಸದೆ ಕಸುಬಿನ ಗುಂಪಾಗಿ ಕಾಣುವುದು. ದುಡಿಸುವವರು, ದುಡಿಯುವವರು, ಸರ್ಕಾರ ಒಂದೇ ಜಮಖಾನೆಯ ಮೇಲೆ ಕೂತು ಒಪ್ಪಂದಕ್ಕೆ ಬರುವುದು. ಅಲ್ಲಿ ಚುನಾವಣೆ, ಪತ್ರಿಕೆ, ವಿರೋಧ ಪಕ್ಷ ಎಲ್ಲ ಉಳಿದಿರಬಹುದು. ಫ್ಯಾಸಿಸಂ ಬೇರೆ. ಒಬ್ಬ ನಾಯಕ, ಒಂದು ಪಕ್ಷ, ಬಿದ್ದ ರಾಷ್ಟ್ರವನ್ನು ಎತ್ತಿ ನಿಲ್ಲಿಸುತ್ತೇವೆಂಬ ಕೂಗು. ಒಪ್ಪದವನು ವೈರಿ, ವೈರಿಗೆ ಲಾಠಿ. ಇಟಲಿಯಲ್ಲಿ ಅದು ಕಾರ್ಪೊರೇಟಿಸಂನ ಅಂಗಿ ತೊಟ್ಟು ಬಂತು. ಕಸುಬಿನ ಸಂಘಗಳನ್ನು ಕೂರಿಸಿತು, ಮಾತಾಡಲು ಬಿಡಲಿಲ್ಲ. ಅದಕ್ಕೇ ಹುಡುಗರು ಎರಡೂ ಒಂದೇ ಎಂದು ಬರೆದು ಅಂಕ ಕಳೆದುಕೊಳ್ಳುತ್ತಾರೆ.

ತಪ್ಪಿದ್ದು ಎರಡನೆಯ ಪುಟದ ಉದಾಹರಣೆಯಲ್ಲಿ. ನಿದ್ದೆಗೆಟ್ಟ ತಲೆಗೆ ಇಟಲಿ ದೂರವಾಯಿತು, ನಮ್ಮ ಹನುಮಪ್ಪನ ಗುಡಿಕಟ್ಟೆ ಹತ್ತಿರವಿತ್ತು. ಹಿರಿಯರ ಸಭೆಗೆ ನಮ್ಮಲ್ಲಿ ದೈವ ಕೂಡುವುದು ಎನ್ನುತ್ತಾರೆ, ನಿಮಗೂ ಗೊತ್ತು. ಒಕ್ಕಲುತನದವರಿಗೊಬ್ಬ ಹಿರಿಯ, ಕುರಿಯವರಿಗೊಬ್ಬ, ಬಡಿಗರಿಗೊಬ್ಬ, ನೇಕಾರರಿಗೊಬ್ಬ. ಹೊಲದ ದಾರಿ, ಕೂಲಿ, ನೀರು ಎಂದು ಜಗಳಾಡಿ, ಒಮ್ಮೊಮ್ಮೆ ಸಿಟ್ಟಿಗೆದ್ದು ಹೋಗಿ, ಮರುದಿನ ಮತ್ತೆ ಬಂದು ಕೂಡುತ್ತಾರೆ. ಇದು ಕಾರ್ಪೊರೇಟಿಸಂಗೆ ಹತ್ತಿರ ಎಂದು ಬರೆದೆ. ಅಲ್ಲಿಗೆ ನಿಲ್ಲಿಸಬೇಕಿತ್ತು.

ನಾನು ಹೆರಿಗೆಗೆ ಬಂದ ವಾರವೇ ಅದೇ ಕಟ್ಟೆಗೆ ಒಬ್ಬ ಅಧಿಕಾರಿ ಬಂದಿದ್ದ. ಮಕ್ಕಳಾಗದ ಆಪರೇಷನ್ನಿಗೆ ಕಸುಬಿಗಿಬ್ಬರಂತೆ ಗಂಡಸರ ಹೆಸರು ಬೇಕೆಂದ. ಕುರಿಯವರ ಹಿರಿಯ "ಇದು ದೈವದ ಮಾತಲ್ಲರೀ, ನಾ ಏಳತೇನಿ" ಎಂದ. "ಎದ್ದಾಂವ ಸೀದಾ ಜೀಪಿನ್ಯಾಗ ಕುಂಡ್ರತಾನ ನೋಡು" ಎಂದ ಅಧಿಕಾರಿ. ಮತ್ತೆ ಯಾರೂ ಏಳಲಿಲ್ಲ. ಒಕ್ಕಲುತನದವರ ಹಿರಿಯ ತನ್ನ ಅಣ್ಣನ ಮಕ್ಕಳನ್ನು ಉಳಿಸಲು, ತನ್ನ ಮನೆಯ ಕುರಿ ಕಾಯುವ ಆಳು ಸೋಮನಿಂಗನ ಹೆಸರು ಬರೆಸಿದ. ಸೋಮನಿಂಗನನ್ನು ಒಯ್ದು ಆಪರೇಷನ್ ಮಾಡಿದರು. ಅವನ ಮದುವೆಯಾಗಿ ಒಂದೇ ವರ್ಷ, ಮಕ್ಕಳಿಲ್ಲ. ಅವನ ಹೆಂಡತಿ ಸುಂದರವ್ವ ನಮ್ಮ ಕೂಸನ್ನು ನೋಡಲು ಬಂದಿದ್ದಳು. "ಯವ್ವಾ, ಎಷ್ಟ ಸಣ್ಣ ಉಗುರ ಅದಾವ" ಎಂದಳು.

ಜಮಖಾನೆ ಅದೇ, ಹಿರಿಯರೂ ಅವರೇ, ಎದ್ದು ಹೋಗುವ ದಾರಿ ಮಾತ್ರ ಮುಚ್ಚಿತ್ತು, ಫ್ಯಾಸಿಸಂ ಇಲ್ಲಿಂದ ಶುರುವಾಗುತ್ತದೆ ಎಂದು ಬರೆದುಬಿಟ್ಟೆ. ನೀವು ಒಂದಕ್ಷರ ಬಿಡದೆ ಅರವತ್ತು ಮಂದಿಗೆ ಬರೆಸಿದಿರಿ. ಬೈಯುತ್ತಿಲ್ಲ. ನಾನು ಕಳಿಸಿದ್ದನ್ನು ಮೊದಲು ಓದಿ ನೋಡುವ ರೂಢಿ ನಿಮಗೆ ಎಂದೂ ಇರಲಿಲ್ಲ.

ನಿಮ್ಮ ಕಾಗದವನ್ನು ಅಪ್ಪನಿಗೆ ಓದಿ ಹೇಳಿದೆ. "ಬಾಣಂತಿ ಸನ್ನಿ ಬಡದಿತ್ತು, ಏನೇನರೆ ಬರದಾಳ ಅಂತ ಅಳಿಯಂದ್ರು ಹೇಳಲಿ. ಹಸಿ ಮೈಯಾಕಿನ್ನ ಯಾರ ಹಿಡೀತಾರ?" ಎಂದರು. "ಸನ್ನಿ ಯಾರಿಗೆ ಬಡದಿತ್ತು ಅನ್ನೂದು ಊರಿಗೆ ಗೊತ್ತೈತಿ" ಎಂದು ಅವ್ವ ಒಳಗೆ ಎದ್ದು ಹೋದಳು.

ನಿಜ ಹೇಳುತ್ತೇನೆ, ನನಗೂ ಆಸೆಯಾಯಿತು. ಹುಚ್ಚಿ ಎಂದರೆ ಮಲಗಲಾದರೂ ಬಿಡುತ್ತಾರಲ್ಲ. ಆದರೆ ನನಗೆ ಸನ್ನಿ ಎಂದಾದರೆ ಮೊದಲ ಪುಟವೂ ಸನ್ನಿಯೇ, ಸೋಮನಿಂಗನಿಗಾದದ್ದೂ ಸನ್ನಿಯ ಮಾತೇ. ಆದ್ದರಿಂದ ಇದ್ದದ್ದನ್ನೇ ಹೇಳಿರಿ: ಬರೆದವಳು ಹೆಂಡತಿ, ನಾನು ನೋಡದೆ ಬರೆಸಿದೆ. ನೌಕರಿ ಉಳಿದೀತು. ನನ್ನನ್ನು ಕರೆದರೆ ಕೂಸನ್ನು ಕಟ್ಟಿಕೊಂಡು ಹೋಗುತ್ತೇನೆ. ಹೆದರಿಕೆ ಇದೆ. ಹೆದರಿಕೆಗೆ ಹಾಲು ಬತ್ತುತ್ತದಂತೆ, ಅದೇ ದೊಡ್ಡ ಹೆದರಿಕೆ.

ಕೂಸು ಮಿಸುಕುತ್ತಿದೆ. ಹೊತ್ತಿಗೆ ಸರಿಯಾಗಿ ಉಣ್ಣಿರಿ. ಸಿಟ್ಟಿದ್ದರೆ ಬಂದು ಎದುರಿಗೇ ಬೈಯಿರಿ.

ನಿಮ್ಮ
ಗುರವ್ವ

ತಾ.ಕ.: ಒಕ್ಕಲುತನದವರ ಹಿರಿಯ ಎಂದಷ್ಟೇ ಬರೆದು ಮುಚ್ಚಿಟ್ಟೆ. ಅವರು ಅಪ್ಪ. ಹೆಂಡತಿಯ ಹೆಸರು ಹೇಳಲು ನಿಮ್ಮ ನಾಲಗೆ ಏಳಲಾರದೆಂದು ಗೊತ್ತು. ಅದಕ್ಕೇ ಪ್ರಿನ್ಸಿಪಾಲರಿಗೆ ನಾನೇ ಎಲ್ಲ ಬರೆದು ಈ ಬೆಳಿಗ್ಗೆ ರಸೂಲಸಾಬನ ಕೈಯಲ್ಲಿ ಕಳಿಸಿದೆ. ನಿಮಗೆ ಬರೆದ ಈ ಕಾಗದ ನಾಳೆಯ ಬಸ್ಸಿಗೆ. ಪ್ರಿನ್ಸಿಪಾಲರ ಕಾಗದದಲ್ಲಿ ಸಹಿಗೆ ನಿಮ್ಮ ಹೆಸರು ಹಚ್ಚಲಿಲ್ಲ. 'ಗುರವ್ವ, ತಂದೆ ಬಸಂತರಾಯ' ಎಂದು ಬರೆದು ಊರಿನ ಹೆಸರೂ ಹಾಕಿದ್ದೇನೆ. ಉದಾಹರಣೆ ಸುಳ್ಳೆನ್ನುವವರು ಬಂದು ತಂದೆಯನ್ನೇ ಕೇಳಲಿ.